ಹುಳುಮನೆಯ ಶ್ರವಣಮಂದಿರ

ನಮ್ಮ ಮನೆಯಲ್ಲಿ ದೇವರಿಗೆ ಒಂದು ಕೋಣೆ ಇದೆ. ರಾಗಿಗೆ ಒಂದು ಕೋಣೆ ಇದೆ. ಗೊಬ್ಬರದ ಚೀಲಗಳಿಗೂ ಒಂದು ಕೋಣೆ ಇದೆ, ಅದಕ್ಕೆ ಕಿಟಕಿ ಬೇರೆ. ರೇಷ್ಮೆ ಹುಳುಗಳಿಗಂತೂ ಹಿತ್ತಿಲಿನಲ್ಲಿ ಪ್ರತ್ಯೇಕ ಬಂಗಲೆಯೇ ಇತ್ತು. ಆದರೆ ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ, ಶಬ್ದವು ಅಲೆಗಳ ರೂಪದಲ್ಲಿ ಚಲಿಸುತ್ತದೆ ಎಂದು ಸಾವಿರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದ, ಚನ್ನಕೇಶವ ಎಂಬ ನಾಮಧೇಯದ ಈ ಮನೆಯ ಯಜಮಾನನಿಗೆ (ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಂಡತಿಯ ಹೆಸರಿದೆ, ಅದು ಬೇರೆ ವಿಷಯ) ಕೂತು ಒಂದು ರೆಕಾರ್ಡು ಕೇಳುವುದಕ್ಕೆ ಒಂದು ಮೂಲೆ ಇರಲಿಲ್ಲ.

ಹಜಾರದಲ್ಲಿ ಹಾಕಿದರೆ ನನ್ನ ತಾಯಿ ಅಮ್ಮಾಜಮ್ಮನವರ ಧಾರಾವಾಹಿಗೆ ಅಡ್ಡಿ. ಮಲಗುವ ಕೋಣೆಯಲ್ಲಿ ಹಾಕಿದರೆ ನನ್ನ ಹೆಂಡತಿ ಕಲ್ಯಾಣಿಯ ನಿದ್ದೆಗೆ ಅಡ್ಡಿ. ಅವಳು ಬೆಳಗ್ಗೆ ಐದಕ್ಕೆಲ್ಲ ಎದ್ದು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುವವಳು. ಜಗುಲಿಯ ಮೇಲೆ ಹಾಕಿದರೆ ದಾರಿಯಲ್ಲಿ ಹೋಗುವವರು, "ಏನ್ ಮೇಷ್ಟ್ರೇ, ಮನೇಲಿ ಮದುವೆನಾ?" ಎಂದು ಒಳಗೆ ಬಂದು, ಕಾಫಿ ಕುಡಿದು, ಯಾವ ಮದುವೆಯೂ ಇಲ್ಲವೆಂದು ಗೊತ್ತಾದ ಮೇಲೆ ಬೇಸರದಿಂದ ಎದ್ದು ಹೋಗುತ್ತಾರೆ.

ನನ್ನ ರೋಗದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನೇ ಕೈಯಾರೆ ಕಟ್ಟಿದ ಒಂದು ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ನನ್ನ ಬಳಿ ಇದೆ. ಅದರ ಶಕ್ತಿ ಕಡಿಮೆ, ಗಾಂಭೀರ್ಯ ಜಾಸ್ತಿ. ಇಂಥದಕ್ಕೆ ಈಗಿನ ಡಬ್ಬಿ ಸ್ಪೀಕರುಗಳು ಆಗುವುದಿಲ್ಲ. ಕಹಳೆಯ ಬಾಯಿರುವ ಹಳೆಯ ದೊಡ್ಡ ಹಾರ್ನ್ ಸ್ಪೀಕರುಗಳೇ ಆಗಬೇಕು. ಅವು ಸಣ್ಣ ದನಿಯನ್ನು ದೊಡ್ಡದು ಮಾಡುತ್ತವೆ. (ನಮ್ಮಮ್ಮ ಈ ಕೆಲಸವನ್ನು ಯಾವ ಸಲಕರಣೆಯೂ ಇಲ್ಲದೆ ಮಾಡುತ್ತಾರೆ.) ನಿವೃತ್ತನಾದ ಮೇಲೆ ಒಂದು ಕೋಣೆ, ಅದರಲ್ಲಿ ಒಂದು ಜೊತೆ ಹಾರ್ನ್, ಎದುರಿಗೆ ನಾನು. ಇಷ್ಟೇ ನನ್ನ ಆಸೆ.

ಹೋದ ವರ್ಷ ಕಲ್ಯಾಣಿ ತೋಟದಲ್ಲಿ ತಗಡಿನ ಮಾಡಿನ ಹೊಸ ಹುಳುಮನೆ ಕಟ್ಟಿಸಿದಳು. ಶಿಡ್ಲಘಟ್ಟದ ಸುತ್ತಮುತ್ತ ಹೆಂಗಸರು ಮನಸ್ಸು ಮಾಡಿದರೆ ಕೈ ಹಾಕುವುದು ಎರಡಕ್ಕೇ: ಮಗಳ ಮದುವೆಗೆ, ಇಲ್ಲವೇ ಹುಳುಮನೆಗೆ. ನಮಗೆ ಮಗಳಿಲ್ಲ. ಹಿತ್ತಿಲಿನ ಹಳೇ ಹುಳುಮನೆ ಖಾಲಿಯಾಯಿತು. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಹೆಂಚಿನ ಕೆಳಗೆ ಗೋಣಿತಾಟು, ಅಂಗೈಯಗಲದ ಕಿಟಕಿಗಳು. ಒಂದು ದಿನ ಒಳಗೆ ಹೋಗಿ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಪ್ರತಿಧ್ವನಿ ಇಲ್ಲ! ಇನ್ನೊಂದು ಸಲ ತಟ್ಟಿದೆ.

"ಸೊಳ್ಳೆನಾ ರೀ?" ಎಂದು ಕಲ್ಯಾಣಿ ಹೊರಗಿನಿಂದ ಕೇಳಿದಳು.

"ಈ ಕೋಣೆ ನನಗೆ ಕೊಡೇ," ಎಂದೆ.

"ಏನಕ್ಕೆ?"

"ಹಾಡು ಕೇಳಕ್ಕೆ."

"ಹಾಡು ಕೇಳಕ್ಕೆ ಕಿವಿ ಸಾಕಲ್ವಾ, ಕೋಣೆ ಯಾಕೆ?"

ನಾನು ಅರ್ಧ ಗಂಟೆ ಧ್ವನಿಶಾಸ್ತ್ರ ವಿವರಿಸಿದೆ. ಇದು ಇನ್ನು ಮುಂದೆ ಹುಳುಮನೆಯಲ್ಲ, ಶ್ರವಣಮಂದಿರ ಎಂದೆ. ಅವಳು ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದು ಷರತ್ತು ಹಾಕಿದಳು.

"ಯುಗಾದಿಯೊಳಗೆ ಯಾವುದೋ ಒಂದು ಜೊತೆ ಆರಿಸಿ, ಇಟ್ಟು, ಹಾಡು ಹಾಕ್ಬೇಕು. ಹಾಕಿದ್ರೆ ಕೋಣೆ ನಿಮ್ದು. ನೋಡ್ತೀನಿ, ಯೋಚನೆ ಮಾಡ್ತೀನಿ ಅಂತ ಎಳುದ್ರೋ, ಯುಗಾದಿ ಮಾರನೇ ದಿನ ಚಂದ್ರಿಕೆ ತಂದು ಜೋಡಿಸ್ಬಿಡ್ತೀನಿ."

ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆ. ಅಂಥವು ನಮ್ಮಲ್ಲಿ ಎಂಬತ್ತು ಇವೆ. ಅವು ಒಂದು ಸಲ ಒಳಗೆ ಬಂದರೆ ನನಗೆ ಒಳಗೆ ನಿಲ್ಲಲೂ ಜಾಗವಿರುವುದಿಲ್ಲ.

ಷರತ್ತಿಗೆ ಕಾರಣವಿತ್ತು. ನಾನು ಯಾವುದನ್ನೂ ಬೇಗ ಆರಿಸುವ ಮನುಷ್ಯನಲ್ಲ. ಒಂದು ಲುಂಗಿ ಕೊಳ್ಳಲು ನನಗೆ ಮೂರು ಸಂತೆ ಬೇಕು. ಮದುವೆಯ ಕಾಲದಲ್ಲಿ ನಾಲ್ಕು ಹೆಣ್ಣು ನೋಡಿ ಎರಡು ವರ್ಷ ಯೋಚಿಸಿದ್ದೆ. ಐದನೆಯ ಹೆಣ್ಣನ್ನು ನಾನು ಮೌಲ್ಯಮಾಪನಕ್ಕೆ ಹೋಗಿದ್ದಾಗ ಅಮ್ಮನೇ ನೋಡಿ, ನಾನು ಬರುವಷ್ಟರಲ್ಲಿ ತಾಂಬೂಲ ಬದಲಾಯಿಸಿ ಮುಗಿಸಿದ್ದರು. ಆ ಐದನೆಯವಳೇ ಕಲ್ಯಾಣಿ. ಇಷ್ಟು ವರ್ಷದಲ್ಲಿ ಅಮ್ಮನ ಆಯ್ಕೆಯಲ್ಲಿ ತಪ್ಪು ಹುಡುಕಲು ಸಮಯ ಸಿಕ್ಕಾಗಲೆಲ್ಲ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ.

ಮೊದಲು ಸಿಕ್ಕಿದ್ದು ಗೌರಿಬಿದನೂರಿನ ಜೊತೆ. ನನ್ನ ಹಳೆಯ ವಿದ್ಯಾರ್ಥಿ ಮೋಹನ್‌ಬಾಬುವಿನ ತಂದೆ ಅಲ್ಲಿ ಒಂದು ಟಾಕೀಸು ನಡೆಸುತ್ತಿದ್ದರು. ಅದು ಮುಚ್ಚಿ ವರ್ಷಗಳಾಗಿ ಈಗ ಮೆಕ್ಕೆಜೋಳದ ಗೋಡೌನು. ಹರಿದ ಪರದೆಯ ಹಿಂದೆ ಹಾರ್ನುಗಳು ಇನ್ನೂ ಇವೆ ಎಂದು ಅವನು ಹೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಕಲ್ಯಾಣಿಯೂ ಜೊತೆಗೆ ಬಂದಳು. ಅವಳ ತವರು ಆ ಕಡೆಯೇ.

ಪರದೆಯ ಹಿಂದೆ ಹೋದರೆ ಎರಡು ರಾಕ್ಷಸರು ನಿಂತಿದ್ದಾರೆ! ಒಂದೊಂದಕ್ಕೂ ಕೆಳಗೆ ಬೀರುವಿನಷ್ಟು ಮರದ ಪೆಟ್ಟಿಗೆ, ಅದರ ಮೇಲೆ ಕಪ್ಪು ತಗಡಿನ ಹಾರ್ನ್. ಹಾರ್ನಿಗೆ ಒಂದು ಬಾಯಲ್ಲ, ಜೇನುತಟ್ಟೆಯಂತೆ ಒತ್ತೊತ್ತಾಗಿ ಹದಿನೈದು ಚೌಕ ಬಾಯಿಗಳು. ನಾನು ಅವುಗಳ ಮೈ ಸವರುತ್ತಾ ನಿಂತೆ. ಕಲ್ಯಾಣಿ ಮಾತ್ರ ಜೋಳದ ಮೂಟೆಗಳ ನಡುವೆ ಕುರ್ಚಿಸಾಲು ಇದ್ದ ಜಾಗ ನೋಡುತ್ತಿದ್ದಳು.

"ಮದುವೆಯಾದ ಹೊಸದರಲ್ಲಿ ಇಲ್ಲೇ ಅಲ್ವಾ, ನೀವು ಮೊದಲ್ನೇ ಸಲ ನನ್ನ ಕೈ ಹಿಡ್ಕೊಂಡಿದ್ದು?"

ನನಗೆ ಈ ವಯಸ್ಸಿನಲ್ಲೂ ನಾಚಿಕೆಯಾಯಿತು. "ಹೌದು ಕಣೇ," ಎಂದೆ.

"ಫೈಟಿಂಗ್ ಸೌಂಡಿಗೆ ಹೆದ್ರಿಕೊಂಡು," ಎಂದು ಮುಗಿಸಿದಳು. ಮೋಹನ್‌ಬಾಬು ಆ ಕಡೆ ತಿರುಗಿ ಕೆಮ್ಮಿದ.

"ಒಂದು ತಿಂಗಳು ಇಟ್ಕೊಂಡು ಕೇಳಿ ಸಾರ್, ಹಿಡಿಸಿದ್ರೆ ನಿಮ್ದೇ," ಎಂದ. ಅಲ್ಲಿಗೆ ಮುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಮುಗಿಸುವ ಜಾತಿಯವನಲ್ಲವಲ್ಲ! ಎರಡನೆಯ ಜೊತೆಯೊಂದನ್ನು ನೋಡದೆ ಮೊದಲನೆಯದು ಚೆನ್ನಾಗಿದೆ ಎಂದು ಹೇಳುವುದು ಅವೈಜ್ಞಾನಿಕ.

ಎರಡನೆಯದು ಚಿಕ್ಕಬಳ್ಳಾಪುರದಲ್ಲಿ, ಮುದ್ದೇನಹಳ್ಳಿ ರಸ್ತೆಯ ಕಡೆ ಮನೆ ಮಾಡಿರುವ ಹರಿಕೃಷ್ಣ ಎಂಬ ನಿವೃತ್ತ ಎಂಜಿನಿಯರ್ ಬಳಿ ಸಿಕ್ಕಿತು. ಇವು ತೇಗದ ಮರದವು. ಹಾರ್ನ್ ಹೊರಗೆ ಕಾಣುವುದಿಲ್ಲ, ಪೆಟ್ಟಿಗೆಯ ಒಳಗೇ ಸುತ್ತಿ ಸುತ್ತಿ ಮಡಿಸಿದ್ದಾರೆ. ಗೋಡೆಯ ಮೂಲೆಗೆ ಒತ್ತಿ ಇಡಬೇಕು. ಮೈಗೆ ಮುಖ ಕಾಣುವಂಥ ಪಾಲಿಷ್. ಹರಿಕೃಷ್ಣರ ಮನೆಯವರು ಆ ಮೂಲೆಗಳಿಗೆ ಸೋಫಾ ಆರ್ಡರ್ ಮಾಡಿದ್ದರು. ಹೀಗಾಗಿ ಪಾಪ, ಆ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು, "ನೀವು ಒಂದು ತಿಂಗಳು ಇಟ್ಕೊಂಡು ನೋಡಿ ಸಾರ್. ಆದ್ರೆ ದಯವಿಟ್ಟು ಒದ್ದೆ ಬಟ್ಟೇಲಿ ಒರೆಸ್ಬೇಡಿ," ಎಂದರು.

ನಾಲ್ಕು ದೈತ್ಯಾಕೃತಿಗಳು ಒಂದೇ ವಾರದಲ್ಲಿ ನಮ್ಮ ಊರಿಗೆ ಟ್ರಾಕ್ಟರಿನಲ್ಲಿ ಬಿಜಯಂಗೈದವು. ಹಿತ್ತಿಲ ಬಾಗಿಲು ಕಿತ್ತು ಒಳಗೆ ಸೇರಿಸಬೇಕಾಯಿತು. ಅಮ್ಮ ಗೋಡೆ ಹಿಡಿದುಕೊಂಡು ಬಂದು ಟಾಕೀಸಿನ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿ, ತಮ್ಮ ಅರೆ ತೆಲುಗಿನಲ್ಲಿ ಕೇಳಿದರು.

"ಏಮಿರಾ ನಾಯನಾ ಇದಿ, ಕಣಜನಾ? ಎಷ್ಟು ಪಲ್ಲ ರಾಗಿ ಹಿಡೀತದೆ?"

"ಕಣಜ ಅಲ್ಲಮ್ಮ, ಸ್ಪೀಕರ್ರು. ಹಾಡು ಬರುತ್ತೆ."

"ಇಷ್ಟು ದೊಡ್ಡದ್ರಲ್ಲಿ ಬರೀ ಹಾಡಾ?" ಎಂದು ಅಮ್ಮ ನಿರಾಶೆಯಿಂದ ಒಳಗೆ ಹೋದರು.

ಪರೀಕ್ಷೆ ಆರಂಭವಾಯಿತು. ನನ್ನ ಬಳಿ ಒಂದು ಹಳೆಯ ನಾಗಸ್ವರದ ರೆಕಾರ್ಡು ಇದೆ. ಅದನ್ನು ಸರಿಯಾಗಿ ನುಡಿಸುವ ಸ್ಪೀಕರು ಏನನ್ನು ಬೇಕಾದರೂ ನುಡಿಸುತ್ತದೆ. ಕಲ್ಯಾಣಿಯನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಮೊದಲು ಟಾಕೀಸಿನ ಜೊತೆಯಲ್ಲಿ ಹಾಕಿದೆ.

"ಊದೋರು ಇಲ್ಲೇ ಮುಂದೇನೇ ಕೂತವ್ರೆ ಅನ್ಸುತ್ತೆ," ಎಂದಳು. ನನ್ನ ಎದೆ ಉಬ್ಬಿತು. "ಆದ್ರೆ ಮೇಲಕ್ಕೆ ಹೋದಾಗ ಕಿವಿಗೆ ಸೂಜಿ ಚುಚ್ಚಿದಂಗೆ ಆಗುತ್ತೆ ರೀ."

ಅದು ನಿಜವಾಗಿತ್ತು. ಈಗ ತೇಗದ ಜೊತೆಯಲ್ಲಿ ಹಾಕಿದೆ.

"ಇದು ಚುಚ್ಚಲ್ಲ. ತುಂಬಾ ಮೆತ್ತಗಿದೆ."

"ಹಾಗಾದ್ರೆ ಇದೇ ಒಳ್ಳೇದಾ?"

"ಏನೋಪ್ಪ. ಊದೋರು ಮಾತ್ರ ಚಿಂತಾಮಣೀಲಿ ಕೂತವ್ರೆ."

ಅದೂ ನಿಜವೇ. ಒಂದಕ್ಕೆ ಜೀವವಿದೆ, ಮುಳ್ಳೂ ಇದೆ. ಇನ್ನೊಂದಕ್ಕೆ ಮುಳ್ಳಿಲ್ಲ, ಜೀವ ಅಷ್ಟಕ್ಕಷ್ಟೇ. ನಾನು ಮಾಧುರ್ಯ, ಗಾಂಭೀರ್ಯ, ಸ್ಪಷ್ಟತೆ ಎಂದು ಇಪ್ಪತ್ಮೂರು ಅಂಶಗಳ ಕೋಷ್ಟಕ ತಯಾರಿಸಿ ದಿನವೂ ಅಂಕ ಕೊಡಲು ಶುರುಮಾಡಿದೆ. ಸೋಮವಾರ ಟಾಕೀಸಿನದು ಎರಡು ಅಂಕ ಮುಂದೆ, ಮಂಗಳವಾರ ತೇಗದ್ದು ಒಂದು ಅಂಕ ಮುಂದೆ, ಬುಧವಾರ ಸಮಸಮ. ನಿಷ್ಪಕ್ಷಪಾತವಾದ ಮೂರನೆಯ ತೀರ್ಪು ಬೇಕೆಂದು ಅಮ್ಮನನ್ನು ಕರೆತಂದು ಕೂರಿಸಿದೆ. ಟಾಕೀಸಿನದಕ್ಕೆ ಅವರು ಹತ್ತು ನಿಮಿಷದಲ್ಲಿ ನಿದ್ದೆ ಹೋದರು. ತೇಗದ್ದಕ್ಕೆ ಎಬ್ಬಿಸೋಣವೆಂದರೆ ಏಳಲೇ ಇಲ್ಲ.

"ಇನ್ನು ಎಂಟು ದಿನ ಇದೆ ಯುಗಾದಿಗೆ," ಎಂದು ಕಲ್ಯಾಣಿ ರೊಟ್ಟಿ ತಟ್ಟುತ್ತಾ ನೆನಪಿಸಿದಳು.

"ಗೊತ್ತು ಕಣೇ. ಇಂಥ ವಿಷಯದಲ್ಲಿ ಆತುರ ಮಾಡಬಾರದು."

"ನಾನೇನು ಆತುರ ಮಾಡ್ತಿಲ್ಲಪ್ಪ. ಚಂದ್ರಿಕೆ ಎಲ್ಲಾ ತೊಳೆದು ಒಣಗಿಸಿ ಇಟ್ಟಿದ್ದೀನಿ, ಅಷ್ಟೆ."

ಯುಗಾದಿಗೆ ಇನ್ನು ನಾಲ್ಕು ದಿನ ಇರುವಾಗ ಆ ವಿಪತ್ತು ಬಂತು. ಹೊಸ ಹುಳುಮನೆಯಲ್ಲಿ ಹುಳುಗಳು ನಾಲ್ಕು ಜ್ವರ ಮುಗಿಸಿ (ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ; ಗಾಬರಿಯಾಗಬೇಡಿ) ಗಬಗಬ ಸೊಪ್ಪು ತಿನ್ನುತ್ತಿದ್ದವು. ಆ ವಾರ ಬಿಸಿಲು ಸುಡತೊಡಗಿತು. ಮಧ್ಯಾಹ್ನ ನಾನು ಶ್ರವಣಮಂದಿರದಲ್ಲಿ ಟಾಕೀಸಿನ ಹಾರ್ನನ್ನು ಎರಡು ಬೆರಳಿನಷ್ಟು ಬಲಕ್ಕೆ ತಿರುಗಿಸಿ ನೋಡುತ್ತಿದ್ದಾಗ ಕಲ್ಯಾಣಿ ಬಂದು ಬಾಗಿಲಲ್ಲಿ ನಿಂತಳು. ಮುಖ ಬಾಡಿತ್ತು.

"ಹುಳ ಹಣ್ಣಾಗ್ತಿದೆ ರೀ. ಒಂದು ದಿನ ಮುಂಚೇನೇ, ಎಲ್ಲಾ ಒಟ್ಟಿಗೆ. ಅಲ್ಲಿ ತಗಡು ಕಾದು ಕೆಂಡ ಆಗಿದೆ. ಆ ಬಿಸೀಲಿ ಚಂದ್ರಿಕೆಗೆ ಬಿಟ್ರೆ ಗೂಡು ಕಟ್ಟಲ್ಲ, ಸತ್ತೋಗ್ತವೆ."

ಕೋಣೆ ಕೊಡಿ ಎನ್ನಲಿಲ್ಲ. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಯುಗಾದಿಯವರೆಗೆ ಕೋಣೆ ನನ್ನದೆಂದು ಹೇಳಿದ್ದಳು. ತಂಪಾದ ಮಣ್ಣಿನ ಗೋಡೆಯನ್ನು ಅಂಗೈಯಲ್ಲಿ ಮುಟ್ಟಿ ನಿಂತಿದ್ದಳು ಅಷ್ಟೇ. ಒಂದು ತಿಂಗಳು ಅವಳು ಆ ಹುಳುಗಳಿಗಾಗಿ ಎದ್ದದ್ದು, ಬಾಗಿದ್ದು, ಸೊಂಟ ಹಿಡಿದುಕೊಂಡು ಕೂತದ್ದು ಎಲ್ಲ ನನಗೆ ಗೊತ್ತಿತ್ತು.

"ಚಂದ್ರಿಕೆ ಇಲ್ಲಿಗೇ ತಗೊಂಡ್ಬಾ," ಎಂದೆ. ಜೀವನದಲ್ಲಿ ನಾನು ಯೋಚಿಸದೆ ಮಾಡಿದ ಮೊದಲ ತೀರ್ಮಾನ ಅದು.

"ಇವುಗಳ್ನ ಹೊರಗಿಡಣ," ಎಂದು ಸ್ಪೀಕರುಗಳ ಕಡೆ ಕೈ ತೋರಿಸಿದಳು.

ಇಲ್ಲಿ ನಾನು ಎಡವಿದೆ. ಬಿಸಿಲಿಗೆ ಹರಿಕೃಷ್ಣರ ಪಾಲಿಷ್ ಬಿರಿದರೆ? "ಮೂಲೇಲಿ ಇರಲಿ ಬಿಡು, ಹುಳಕ್ಕೇನು ತೊಂದರೆ?" ಎಂದೆ. ತೇಗದ ಜೊತೆಗೆ ಎರಡು ಹೊಸ ಬೆಡ್‌ಶೀಟು ಹೊದಿಸಿ, ಗಾಳಿಯೂ ಆಡದಂತೆ ದಾರ ಬಿಗಿದು ಕಟ್ಟಿದೆ. ಟಾಕೀಸಿನ ಜೊತೆ ಪರದೆಯ ಹಿಂದೆ ವರ್ಷಗಟ್ಟಲೆ ಬಾವಲಿಗಳನ್ನು ಸಹಿಸಿಕೊಂಡದ್ದು, ಅದಕ್ಕೆ ಯಾವ ಉಪಚಾರ ಎಂದು ಹಾಗೆಯೇ ಬಿಟ್ಟೆ.

ಸಂಜೆಯವರೆಗೂ ನಾವು ಹಣ್ಣು ಹುಳ ಆರಿಸಿದೆವು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಸರೆ ಹುಡುಕುತ್ತದೆ. ಕಲ್ಯಾಣಿಯೂ, ಕೆಲಸಕ್ಕೆ ಬರುವ ಆಂಜಿನಮ್ಮನೂ ಹಿಡಿ ಹಿಡಿಯಾಗಿ ಬಾಚಿ ಚಂದ್ರಿಕೆಗೆ ಬಿಡುತ್ತಿದ್ದರು. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು, ಇದು ಪೂರ್ತಿ ಹಣ್ಣಾಗಿದೆಯೇ ಎಂದು ಯೋಚಿಸುತ್ತಿದ್ದೆ.

"ಮೇಷ್ಟ್ರೇ, ಅದು ಸಂಬಂಧ ನೋಡಕ್ಕೆ ಬಂದಿಲ್ಲ, ತಟ್ಟೆಗೆ ಬಿಡಿ," ಎಂದಳು ಆಂಜಿನಮ್ಮ.

ಮಾರನೆಯ ಬೆಳಗ್ಗೆ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟೆ. ಚಂದ್ರಿಕೆಗಳಿಂದ ತಪ್ಪಿಸಿಕೊಂಡ ನೂರಾರು ಹುಳುಗಳು, ಎತ್ತರದ ಕತ್ತಲೆ ಮೂಲೆ ಎಲ್ಲಿದೆ ಎಂದು ಹುಡುಕಿ, ನನ್ನ ಟಾಕೀಸಿನ ಹಾರ್ನುಗಳಿಗೆ ಹತ್ತಿದ್ದವು! ಎರಡರಲ್ಲೂ ಹದಿನೈದು ಹದಿನೈದು ಬಾಯಿಗಳು. ಪ್ರತಿಯೊಂದು ಬಾಯಲ್ಲೂ ಸಂಸಾರ. ಎಲ್ಲರೂ ತಲೆಯಾಡಿಸುತ್ತಾ ನೂಲು ಬಿಡುತ್ತಿದ್ದಾರೆ. ನಾನು ಪೊರಕೆಯ ಕಡ್ಡಿ ಹಿಡಿದು ಮುನ್ನುಗ್ಗಿದೆ. ಹಿಂದಿನಿಂದ ಕಲ್ಯಾಣಿ ಮಣಿಕಟ್ಟು ಹಿಡಿದಳು.

"ನೂಲು ಬಿಡೋ ಹುಳನ ಮುಟ್ಟಬೇಡಿ ರೀ! ಮನೆಗೆ ಒಳ್ಳೇದಲ್ಲ."

"ಮನೆ ಕಟ್ಟೋಕೆ ಬೇರೆ ಜಾಗ ಇರಲಿಲ್ವಾ ಅವಕ್ಕೆ? ಎಂಬತ್ತು ಚಂದ್ರಿಕೆ ಇದೆ!"

"ಅವಕ್ಕೆ ಇದೇ ಹಿಡಿಸ್ತು. ನಿಮ್ಮಂಗೆ ಇಪ್ಪತ್ಮೂರು ಅಂಶ ನೋಡ್ಕೊಂಡು ಕೂತಿರ್ಲಿಲ್ಲ."

"ಎಷ್ಟು ದಿನ ಹೀಗೆ?"

"ಆರನೇ ದಿನಕ್ಕೆ ಬಿಡಿಸಣ. ಅಲ್ಲೀವರ್ಗೂ ಸದ್ದು ಮಾಡ್ಬಾರ್ದು, ಅಲ್ಲಾಡಿಸ್ಬಾರ್ದು."

ನಾನು ಬೆರಳು ಎಣಿಸಿದೆ. ಆರನೆಯ ದಿನ ಎಂದರೆ ಯುಗಾದಿಯ ಮಾರನೆಯ ದಿನ, ಹೊಸತೊಡಕು. "ಯುಗಾದಿಯೊಳಗೆ ಹಾಡು ಹಾಕ್ಬೇಕು ಅಂತ ನೀನೇ ಅಂದೆಯಲ್ಲೇ! ಹಾಗಾದ್ರೆ ನನ್ನ ಕೋಣೆ?"

ಕಲ್ಯಾಣಿ ನಕ್ಕಳು. ಬಹಳ ದಿನದ ಮೇಲೆ ಆಯಾಸವಿಲ್ಲದ ನಗು. "ಹೋಗ್ಲಿ, ಹೊಸತೊಡಕಿನವರ್ಗೂ ಬಿಟ್ಟಿದ್ದೀನಿ. ಆದ್ರೆ ಅಷ್ಟರಲ್ಲಿ ಒಂದು ಜೊತೆ ಆರಿಸಿರ್ಬೇಕು."

ಯುಗಾದಿಯ ಹಿಂದಿನ ದಿನ ಮೋಹನ್‌ಬಾಬು ಮತ್ತು ಹರಿಕೃಷ್ಣ ಇಬ್ಬರೂ ಉತ್ತರ ಕೇಳಲು ಬಂದರು. ನಾನೇ ಇಬ್ಬರಿಗೂ ಅದೇ ದಿನ ಕೊಟ್ಟಿದ್ದೆ, ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ ಎಂಬ ಧೈರ್ಯದ ಮೇಲೆ. ಹುಳುಗಳಿಗೆ ರೋಗ ತಗುಲದಂತೆ ಕಲ್ಯಾಣಿ ಇಬ್ಬರ ಕಾಲಿಗೂ ಬ್ಲೀಚಿಂಗ್ ಪುಡಿಯ ನೀರು ಹಾಕಿಸಿ, ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡದಂತೆ ಹೇಳಿ ಒಳಗೆ ಬಿಟ್ಟಳು.

ಹರಿಕೃಷ್ಣ ಒಂದು ಸಲ ಹಾರ್ನುಗಳನ್ನೂ, ಒಂದು ಸಲ ಬೆಡ್‌ಶೀಟುಗಳನ್ನೂ ನೋಡಿ ಬೆವೆತರು. ದಾರ ಬಿಚ್ಚಿ, ಪಾಲಿಷಿನ ಮೇಲೆ ಒಂದು ಹುಳುವೂ ಹತ್ತಿಲ್ಲವೆಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟರು. "ಸಾರ್, ಸೋಫಾ ಬೇಕಾದ್ರೆ ವರಾಂಡದಲ್ಲಿ ಇಟ್ಕೊಳ್ಳಲಿ. ನಾನು ಇವನ್ನ ವಾಪಸ್ ಕರ್ಕೊಂಡು ಹೋಗ್ತೀನಿ," ಎಂದರು. ಮಗಳನ್ನು ಗಂಡನ ಮನೆಯಿಂದ ಕರೆದುಕೊಂಡು ಹೋಗುವ ತಂದೆಯ ದನಿ ಅದು. ಊರಿನ ಆರು ಜನ ಸೇರಿ ಉಸಿರೂ ಬಿಡದೆ, ಬೆಕ್ಕಿನ ಹೆಜ್ಜೆಯಲ್ಲಿ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದರು.

ಮೋಹನ್‌ಬಾಬು ಅಪ್ಪನ ಹಾರ್ನುಗಳ ಮುಂದೆ ಬಾಯಿಗೆ ಕರ್ಚೀಫು ಒತ್ತಿ ನಗುತ್ತಿದ್ದ. ಒಂದೊಂದು ಬಾಯಲ್ಲೂ ಹಳದಿ ಗೂಡುಗಳು ತುಂಬಿ ತುಳುಕುತ್ತಿದ್ದವು.

"ಸಾರ್," ಎಂದು ಪಿಸುಗುಟ್ಟಿದ, "ನಮ್ಮಪ್ಪನ ಕಾಲ್ದಲ್ಲೂ ಹಿಂಗೆ ಹೌಸ್‌ಫುಲ್ ಆಗಿರ್ಲಿಲ್ಲ!"

"ಮೋಹನಪ್ಪಾ, ಇವು ಇಲ್ಲೇ ಇರ್ಲಿ. ನಿಮ್ಮ ಮೇಷ್ಟ್ರಿಗೆ ಇವೇ ಸರಿ," ಎಂದಳು ಕಲ್ಯಾಣಿ.

ಹೀಗೆ ನನ್ನ ಆಯ್ಕೆ ಸುಸೂತ್ರವಾಗಿ ನೆರವೇರಿತು. ಅರ್ಧ ಹುಳುಗಳು ಆರಿಸಿದವು, ಅರ್ಧ ಹೆಂಡತಿ ಆರಿಸಿದಳು. ನನಗೆ ಮಾತ್ರ ಎದೆ ತುಂಬಿ ಬಂತು. ಆ ಟಾಕೀಸನ್ನು ಅವಳು ಮರೆತಿಲ್ಲ ಎಂದುಕೊಂಡೆ.

ಹೊಸತೊಡಕಿನ ದಿನ ಗೂಡು ಬಿಡಿಸಿದೆವು. ಬೆಳೆ ಚೆನ್ನಾಗಿ ಬಂದಿತ್ತು. ಕಲ್ಯಾಣಿ ಹಿಡಿ ಹಿಡಿಯಾಗಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ನಗುತ್ತಿದ್ದಳು. ಹಾರ್ನಿನ ಬಾಯಿಗಳಿಂದ ಗೂಡುಗಳನ್ನು ನಾನೇ ಒಂದೊಂದಾಗಿ ತೆಗೆದೆ. ಗೂಡು ಕಟ್ಟುವ ಮೊದಲು ಹುಳು ಸುತ್ತಲೂ ಹಾಯಿಸುವ ಸಡಿಲ ನೂಲು ಮಾತ್ರ ಒಳಗೆಲ್ಲ ಹತ್ತಿಯಂತೆ ಹರಡಿಕೊಂಡು ಉಳಿಯಿತು. ಅದನ್ನು ತೆಗೆಯಲು ತಾಳ್ಮೆ ಇರಲಿಲ್ಲ. ಸಂಜೆ ನಾಲ್ಕಕ್ಕೆ ಆಂಪ್ಲಿಫೈಯರ್ ಹಚ್ಚಿ, ನಾಗಸ್ವರ ಹಾಕಿದೆ.

ಏನು ಹೇಳಲಿ! ಊದುವವರು ಎದುರಿಗೇ ಇದ್ದಾರೆ, ಉಸಿರು ಎಳೆದುಕೊಂಡದ್ದೂ ಕೇಳುತ್ತಿದೆ, ಸ್ವರ ಮೇಲೆ ಮೇಲೆ ಹೋಗುತ್ತಿದೆ, ಆದರೆ ಎಲ್ಲೂ ಚುಚ್ಚುತ್ತಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ನೆಲದ ಮೇಲೆ ಕೂತ ಕಲ್ಯಾಣಿ ರೆಕಾರ್ಡು ಮುಗಿಯುವವರೆಗೂ ಏಳಲಿಲ್ಲ.

"ಇನ್ನೊಂದು ಸಲ ಹಾಕಿ ರೀ," ಎಂದಳು. ಮದುವೆಯಾದಾಗಿನಿಂದ ನನ್ನ ಯಾವ ರೆಕಾರ್ಡಿಗೂ ಅವಳು ಹಾಗೆ ಹೇಳಿರಲಿಲ್ಲ.

ಅಲ್ಲಿಗೆ ಸುಮ್ಮನಿರಬಾರದೇ ನಾನು? "ಇದರ ಗುಟ್ಟು ಏನು ಗೊತ್ತೇನೇ? ಆ ದಿನ ಹಾರ್ನನ್ನ ಎರಡು ಬೆರಳು ಬಲಕ್ಕೆ ತಿರುಗಿಸಿದೆನಲ್ಲ, ಅದು! ಕೋನ ಸರಿಯಾಯ್ತು, ಮುಳ್ಳು ಹೋಯ್ತು. ಇದಕ್ಕೆ ಶಾಸ್ತ್ರ ಗೊತ್ತಿರಬೇಕು," ಎಂದು ಒಂದು ಉಪನ್ಯಾಸ ಕೊಟ್ಟೆ. ಮೋಹನ್‌ಬಾಬುವಿಗೂ ಹರಿಕೃಷ್ಣರಿಗೂ ಫೋನು ಮಾಡಿ ಎರಡು ಬೆರಳಿನ ಸಿದ್ಧಾಂತವನ್ನು ವಿವರಿಸಿ, ಭಾನುವಾರ ಶ್ರವಣಮಂದಿರದ ಪ್ರಾರಂಭೋತ್ಸವಕ್ಕೆ ಆಹ್ವಾನಿಸಿದೆ.

ಭಾನುವಾರ ಹರಿಕೃಷ್ಣರು ಹೂವಿನ ಹಾರ ತಂದಿದ್ದರು. ನಾನು ಸಿದ್ಧಾಂತವನ್ನು ಇನ್ನೊಮ್ಮೆ ವಿವರಿಸಿ ರೆಕಾರ್ಡು ಹಾಕಿದೆ. ಮೊದಲ ಸ್ವರ ಮೇಲಕ್ಕೆ ಹೋದ ತಕ್ಷಣ ಹರಿಕೃಷ್ಣರ ಕೈ ಕಿವಿಗೆ ಹೋಯಿತು. ಮೋಹನ್‌ಬಾಬು ಹಲ್ಲು ಕಚ್ಚಿದ. ಸೂಜಿಯಲ್ಲ, ದಬ್ಬಳ! ನಾನು ಓಡಿಹೋಗಿ ಹಾರ್ನನ್ನು ಎರಡು ಬೆರಳು ತಿರುಗಿಸಿದೆ. ನಾಲ್ಕು ಬೆರಳು ತಿರುಗಿಸಿದೆ. ಒಂದು ಗೇಣು ತಿರುಗಿಸಿದೆ. ಕೊನೆಗೆ ಅದರ ಮುಖ ಗೋಡೆಯ ಕಡೆ ತಿರುಗಿತ್ತು, ಆದರೂ ಚುಚ್ಚುತ್ತಿತ್ತು.

ಬಾಗಿಲಲ್ಲಿ ಕೂತಿದ್ದ ಅಮ್ಮ ಗಾಬರಿಯಾದರು. "ಕೇಶವಾ, ನಾನೇನಾದ್ರೂ ಕೆಡಿಸ್ಬಿಟ್ನೇನೋ? ಮನೆಗೆ ಜನ ಬರ್ತಾರೆ ಅಂದ್ಯಲ್ಲ, ಅದರೊಳಗೆಲ್ಲ ಬೂಜು ಕಟ್ಕೊಂಡಿತ್ತು ಕಣಪ್ಪ. ಬೆಳಗ್ಗೆ ಬಾಟ್ಲಿ ತೊಳೆಯೋ ಬ್ರಷ್ ತಗೊಂಡು ನೂಲೆಲ್ಲ ಕಿತ್ತು, ಫಳಫಳ ಅನ್ನೋ ಹಾಗೆ ಒರೆಸಿಟ್ಟೆ."

ಹರಿಕೃಷ್ಣ ಎದ್ದು ಹೋಗಿ ಹಾರ್ನಿನ ಬಾಯೊಳಗೆ ಇಣುಕಿ ನೋಡಿದರು. ಎಂಜಿನಿಯರ್ ಅಲ್ಲವೇ, ಅವರಿಗೆ ಎರಡು ನಿಮಿಷ ಸಾಕಾಯಿತು. "ಸಾರ್," ಎಂದರು ಬಹಳ ಮರ್ಯಾದೆಯಿಂದ, "ಆ ಚುಚ್ಚೋದನ್ನ ತಡೆದಿದ್ದು ನಿಮ್ಮ ಕೋನ ಅಲ್ಲ. ರೇಷ್ಮೆ."

ಕಲ್ಯಾಣಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಿಂದ ಅವಳೂ ಆಂಜಿನಮ್ಮನೂ ನಕ್ಕದ್ದು ಶ್ರವಣಮಂದಿರದವರೆಗೂ ಬಹಳ ಸ್ಪಷ್ಟವಾಗಿ ಕೇಳಿಸಿತು.

ಆಮೇಲಿನ ಒಂದು ವಾರ ಹಾರ್ನುಗಳಿಗೆ ಹತ್ತಿ ತುಂಬಿ ನೋಡಿದೆ. ಸ್ವರ ನೆಗಡಿಯಾದಂತೆ ಬಂತು. ಹಳೆಯ ಸ್ವೆಟರು ಬಿಚ್ಚಿ ತುಂಬಿದೆ. ಪಂಚೆ ಹರಿದು ತುಂಬಿದೆ. ಯಾವುದೂ ಹುಳುಗಳ ಕೈಗೆಲಸಕ್ಕೆ (ಬಾಯಿಗೆಲಸ ಎನ್ನಬೇಕೋ ಏನೋ) ಸಮನಾಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಊಟಕ್ಕೆ ಬಡಿಸುತ್ತಿದ್ದ ಕಲ್ಯಾಣಿಯ ಹತ್ತಿರ ಮೆಲ್ಲಗೆ ವಿಷಯ ತೆಗೆದೆ.

"ಮುಂದಿನ ಬೆಳೆ ಯಾವಾಗ ಹಣ್ಣಾಗುತ್ತೆ?"

"ಯಾಕೆ?"

"ಏನಿಲ್ಲ, ತಗಡು ಇನ್ನೂ ಕಾಯುತ್ತಲ್ಲ. ಚಂದ್ರಿಕೆಗಳನ್ನ ಹಳೇ ಕೋಣೇಲೇ ಜೋಡಿಸ್ಕೊಂಡ್ರೆ ನಿನಗೂ ಅನುಕೂಲ ಅಂತ."

"ಅಯ್ಯೋ, ಅದು ನಿಮ್ಮ ಶ್ರವಣಮಂದಿರ ರೀ. ನಾನು ಮಾತು ಕೊಟ್ಟಾಗಿದೆ. ಹುಳಗಿಳ ಅಲ್ಲಿಗೆ ಯಾಕೆ?"

"ಕೊಟ್ಟದ್ದನ್ನ ವಾಪಸ್ ತಗೋಬಹುದಲ್ಲ."

"ನೀವಾಗೇ ಕೊಡ್ತಿದ್ದೀರಾ?"

ನಾನು ಸಾರಿನ ಬಟ್ಟಲು ನೋಡುತ್ತಾ ತಲೆಯಾಡಿಸಿದೆ. ಅವಳು ಇನ್ನೊಂದು ಮುದ್ದೆ ಹಾಕಿ ಎದುರಿಗೆ ಕೂತಳು. ಷರತ್ತುಗಳನ್ನು ಯಾವಾಗ ಯೋಚಿಸಿಟ್ಟಿದ್ದಳೋ, ಒಂದೊಂದಾಗಿ ಹೊರಬಂದವು. ಹುಳ ಗೂಡು ಕಟ್ಟುವ ದಿನಗಳಲ್ಲಿ ಕೋಣೆಗೆ ನನಗೆ ಪ್ರವೇಶವಿಲ್ಲ. ನನ್ನ ಹಾರ್ನಿಗಾಗಿ ದುಡಿಯುವ ಹುಳುಗಳಿಗೆ ಸೊಪ್ಪು ಕೊಯ್ಯುವುದು, ಬೆಳಗ್ಗೆಯದೂ ಸಂಜೆಯದೂ, ನನ್ನ ಪಾಲಿನ ಕೆಲಸ. ಅವಳ ಸೊಂಟ ಇಷ್ಟು ವರ್ಷ ಬಾಗಿದ್ದು ಸಾಕು. ಮೂವತ್ತನಾಲ್ಕು ವರ್ಷ ಮಕ್ಕಳಿಂದ ಪಾಠ ಒಪ್ಪಿಸಿಕೊಂಡವನು ನಾನು. ಅವತ್ತು ಎಲ್ಲಕ್ಕೂ ಒಪ್ಪಿಬಿಟ್ಟೆ.

ಈಗ ಮೂರನೆಯ ಬೆಳೆ ನಡೆಯುತ್ತಿದೆ. ಹಾರ್ನುಗಳ ಮೂವತ್ತು ಬಾಯಿಗಳಲ್ಲೂ ಹಿಂದಿನ ಬೆಳೆಯ ಹುಳುಗಳ ಹೊಸ ನೂಲು ಹರಡಿದೆ, ಅಮ್ಮನ ಬ್ರಷ್ಷನ್ನು ನಾನೇ ಅಟ್ಟದ ಮೇಲೆ ಹಾಕಿದ್ದೇನೆ. ಸಂಜೆ ಐದಾದರೆ ನಾನು ಕುಡುಗೋಲು ಹಿಡಿದು ಸೊಪ್ಪಿನ ಸಾಲಿನಲ್ಲಿ ಬಾಗಿರುತ್ತೇನೆ. ಅದೇ ಹೊತ್ತಿಗೆ ಹಿತ್ತಿಲಿನ ಕೋಣೆಯಲ್ಲಿ ಕಲ್ಯಾಣಿ ರೆಕಾರ್ಡು ಹಾಕುತ್ತಾಳೆ. ಗೀರು ಬೀಳದಂತೆ ಅದನ್ನು ಹಾಕುವುದನ್ನು ಎರಡೇ ದಿನದಲ್ಲಿ ಕಲಿತಳು. ನಾನು ತರಿಸಿದ್ದ ಬೆತ್ತದ ಕುರ್ಚಿಯಲ್ಲಿ ಕಾಲು ನೀಡಿ, ಕೈಯಲ್ಲಿ ಕಾಫಿ ಲೋಟ ಹಿಡಿದು, ಎರಡು ಹಾರ್ನುಗಳ ಸರಿಯಾಗಿ ನಡುವೆ ಕೂರುತ್ತಾಳೆ. ನಾಗಸ್ವರ ಬೇಲಿ ದಾಟಿ ತೋಟದವರೆಗೂ ಬರುತ್ತದೆ.

ನಿನ್ನೆ ಸಂಜೆ ತಡೆಯಲಾಗಲಿಲ್ಲ. ಸೊಂಟ ನೆಟ್ಟಗೆ ಮಾಡಿ, ಬದುವಿನ ಮೇಲೆ ನಿಂತು ಕೂಗಿದೆ: "ಕಲ್ಯಾಣೀ! ಹೇಗೆ ಕೇಳಿಸ್ತಿದೆಯೇ?"

"ನೀವು ಅಲ್ಲಿಂದ ಕೂಗಿದ್ರೆ ಹೆಂಗ್ರೀ ಕೇಳ್ಸುತ್ತೆ?" ಎಂದು ಉತ್ತರ ಬಂತು. "ಸುಮ್ನೆ ಆ ಕಡೇ ಸಾಲೂ ಕೊಯ್ದುಬಿಡಿ. ಈ ರೆಕಾರ್ಡ್ ಮುಗಿದ್ಮೇಲೆ ಕರೀತೀನಿ."

ನಾನು ಆ ಕಡೆಯ ಸಾಲೂ ಕೊಯ್ದೆ. ಅವಳು ರೆಕಾರ್ಡು ತಿರುಗಿಸಿ ಹಾಕಿದಳು.